ದು:ಖ ಅಲ್ಲ, ದುಃಖ

ಕನ್ನಡದ ಲೇಖನ ಚಿಹ್ನೆಗಳ ಬಗೆಗಿನ ನಿಮ್ಮ ಬರಹದಲ್ಲಿ, ಪಟ್ಟಿ ಕೊಡುವಾಗ ಕೊನೆಯ ‘ಮತ್ತು’ ಪದಕ್ಕೆ ಮೊದಲು ಅಲ್ಪವಿರಾಮ ಕಡ್ಡಾಯ ಅಂತ ಬರೆದಿದ್ದೀರಿ. ಇಂಗ್ಲಿಷಿನಲ್ಲೇ ಆ ಜಗಳ ಇನ್ನೂ ಮುಗಿದಿಲ್ಲ! ನಮ್ಮಲ್ಲಿ ‘ಕಥೆಯೂ ಕವಿತೆಯೂ ನಾಟಕವೂ’ ಅಂದರೆ ಆಯಿತು. ‘ಊ’ ಎಲ್ಲವನ್ನೂ ಜೋಡಿಸುವಾಗ ಸುಮ್ನೆ ಚಿಹ್ನೆ ಯಾಕೆ? ಓಲೆಗರಿಯಲ್ಲಿ ಒಂದೋ ಎರಡೋ ಉದ್ದಗೆರೆ ಹಾಕಿ ಕಾವ್ಯ ಬರೆದವರು ನಾವು. ಈಗಿನ ಚಿಹ್ನೆಗಳು ಇಂಗ್ಲಿಷಿನ ದಾರಿಯಲ್ಲಿ, ಅಚ್ಚಿನ ಜೊತೆ ಬಂದವು.

ಕರಡು ತಿದ್ದುವುದು ನನ್ನ ಕೆಲಸ. ಜಾಸ್ತಿ ಕಾಡುವುದು ಅಲ್ಪವಿರಾಮ ಅಲ್ಲ, ವಿಸರ್ಗದ (ಃ) ಜಾಗಕ್ಕೆ ಬಂದು ಕೂರುವ ಎರಡು ಚುಕ್ಕಿ, ಅಂದರೆ ಇಂಗ್ಲಿಷಿನ ಕೋಲನ್ (:). ‘ದು:ಖ’, ‘ಅಂತ:ಕರಣ’ ಅಂತ ಟೈಪ್ ಮಾಡಿ ಕಳಿಸುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ವಿಸರ್ಗವೇ ಅಲ್ಲ. ಹುಡುಕಿದರೆ ‘ದುಃಖ’ ಸಿಗುವುದೇ ಇಲ್ಲ.

ಅರ್ಥದ ಗೊಂದಲಕ್ಕೂ ಚಿಹ್ನೆಯೇ ಮದ್ದಲ್ಲ. ‘ಹೊಸ ಕಾವ್ಯದ ಓದುಗರು’ ಅಂದರೆ ಹೊಸದು ಕಾವ್ಯವೋ, ಓದುಗರೋ? ಅಲ್ಪವಿರಾಮ ತುರುಕುವ ಬದಲು ‘ಕಾವ್ಯದ ಹೊಸ ಓದುಗರು’ ಅಂತ ಬರೆದರೆ ಸಾಕು, ಅಲ್ವಾ?

ಉದ್ಧರಣ ಚಿಹ್ನೆ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಲೇಖಕರ ಮಾತನ್ನು ಇದ್ದ ಹಾಗೇ ಕೊಟ್ಟರೆ ಚಿಹ್ನೆ ಬೇಕು. ನಮ್ಮ ಮಾತಿನಲ್ಲಿ ಹೇಳಿದರೆ ‘ಎಂದು’ ಒಂದೇ ಸಾಕು.