ವಾಲಗದವರ ಕಣ್ಣು

ಮದುವೆ ಗೊತ್ತಾದ ಮನೆಯಲ್ಲಿ ಒಬ್ಬಟ್ಟಿಗೆ ತುಪ್ಪ ಎಲ್ಲಿಂದ ತರಿಸೋದು ಅಂತ ಮೂರು ಸಂಜೆ ಮಾತಾಗುತ್ತದೆ. ವಾಲಗದ ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತದೆ. "ಛತ್ರದೋರೇ ಯಾರನ್ನೋ ಕರೆಸ್ತಾರಂತೆ, ಬಿಡಿ." ಆಮೇಲೆ ಮುಹೂರ್ತದ ಹೊತ್ತಿಗೆ ಪೀಪಿ ಕಿರ್ರೆಂದರೆ, ಗಟ್ಟಿಮೇಳ ಅರ್ಧ ನಿಮಿಷ ತಡವಾದರೆ, ಅದೇ ಮನೆಯವರು ಕಣ್ಣು ಕೆಂಪಗೆ ಮಾಡುತ್ತಾರೆ.

ವಾಲಗ ಚೆನ್ನಾಗಿದೆ ಅಂದರೆ ನಾಗಸ್ವರದವರು ಚೆನ್ನಾಗಿ ಊದುತ್ತಾರೆ ಅಂತ ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಅರ್ಧ ಮಾತು. ಚಿಂತಾಮಣಿ, ಶಿಡ್ಲಘಟ್ಟ, ಮಾಲೂರಿನ ಛತ್ರಗಳಲ್ಲಿ ಕಂಬಕ್ಕೊರಗಿ ಕೂತು ಗಮನವಿಟ್ಟು ಕೇಳುವ ಹಿರಿಯರು ಮೊದಲು ನೋಡುವುದು ವಾಲಗದವರ ಬೆರಳನ್ನಲ್ಲ, ಅವರ ಕಣ್ಣು ಎಲ್ಲಿದೆ ಎಂಬುದನ್ನು.

ಪೂರ್ತಿ ಸೆಟ್ ಎಂದರೆ ಐದು ಜನ: ಎರಡು ನಾಗಸ್ವರ, ಎರಡು ಡೋಲು, ಒಂದು ತಾಳ. ಶ್ರುತಿಗೆ ಹಿಂದೆ ಒತ್ತು ಊದುವವರು ಬೇರೆ ಇರುತ್ತಿದ್ದರು, ಈಗ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿದೆ. ಚೌಕಾಸಿಗೆ ಇಳಿದ ಮನೆಯವರು ಮೊದಲು ಕತ್ತರಿಸುವುದು ಎರಡನೇ ನಾಗಸ್ವರವನ್ನು. ಕತ್ತರಿಸಲೇಬೇಕಾದರೆ ಎರಡನೇ ಡೋಲನ್ನು ಬಿಡಿ. ನಾಗಸ್ವರ ಇಬ್ಬರದಾದರೆ ಒಬ್ಬರು ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಹಿಡಿದಿರುತ್ತಾರೆ, ನಾದ ನಡುವೆ ಕಡಿಯುವುದಿಲ್ಲ. ಒಬ್ಬರೇ ಆದರೆ ವರಪೂಜೆಯಿಂದ ಆರತಿಯವರೆಗೆ ಊದಿ ತುಟಿ ಸೋಲುತ್ತದೆ. ಸೋತ ತುಟಿ ಮೇಲಿನ ಷಡ್ಜಕ್ಕೆ ಏರುವುದೇ ಇಲ್ಲ, ಸ್ವಲ್ಪ ಕೆಳಗೇ ನಿಂತುಬಿಡುತ್ತದೆ.

ನಾಗಸ್ವರದ ಕೊಳವೆ ಸುಮಾರು ಎರಡೂವರೆ ಅಡಿ. ತಂಜಾವೂರು ಸೀಮೆಯ ನರಸಿಂಗಂಪೇಟೆಯದಕ್ಕೆ ಹೆಸರು ಜಾಸ್ತಿ, 2022ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಕೂಡ ಸಿಕ್ಕಿತು. ಅಲ್ಲಿ ಹಳೇ ಮನೆಗಳ ತೊಲೆ, ಕಂಬಗಳ ಆಚಾ ಮರವನ್ನು ಹುಡುಕಿ ತಂದು ಕೊರೆಯುತ್ತಾರೆ, ಹಸಿ ಮರ ಸೀಳುತ್ತದೆ. ಅದೇ ಮರ ನಮ್ಮ ಬಯಲುಸೀಮೆಯ ಕಮರ. ಮೇಲೆ ಬೆರಳಿಡಲು ಏಳು ತೂತು. ಕೆಳಗಿನ ತೂತುಗಳನ್ನು ಮೇಣ ಮೆತ್ತಿ ಶ್ರುತಿಗೆ ಸರಿಮಾಡಿಕೊಳ್ಳುತ್ತಾರೆ. ಆದರೆ ಎಂಥ ಕೊಳವೆಯಾದರೂ ಅದರ ಬಾಳು ತುದಿಯಲ್ಲಿರುವ ಜೊಂಡಿನ ಪೀಪಿಯ ಕೈಯಲ್ಲಿದೆ. ಪೀಪಿ ಒಣಗಿದ್ದರೆ ಕಿರಚುತ್ತದೆ, ಬಹಳ ನೆಂದಿದ್ದರೆ ಸ್ವರ ಮಂಕಾಗುತ್ತದೆ. ಅದಕ್ಕೇ ಊದುವ ಮೊದಲು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ಹದ ಮಾಡುವುದು. ನಾಗಸ್ವರದ ಕೊರಳಲ್ಲಿ ದಾರಕ್ಕೆ ಕಟ್ಟಿ ನೇತುಬಿಟ್ಟ ನಾಲ್ಕಾರು ಪೀಪಿಗಳನ್ನು ಮಕ್ಕಳು ಅಲಂಕಾರ ಅಂದುಕೊಳ್ಳುತ್ತಾರೆ. ಅವು ಸ್ಟೆಪ್ನಿ. ಜೊತೆಗೊಂದು ಸೂಜಿ, ಪೀಪಿಯ ಬಾಯಿ ಬಿಡಿಸಲು. ಬದಲಿ ಪೀಪಿ ಒಂದೂ ಇಲ್ಲದೆ ಬಂದವರನ್ನು ಕಂಡರೆ ಸ್ವಲ್ಪ ಹೆದರಿಕೊಳ್ಳುವುದು ಒಳ್ಳೆಯದು.

ಇನ್ನು ಚಳಿ. ಧನುರ್ಮಾಸದಲ್ಲಿ ಮದುವೆ ಇಲ್ಲ, ಸರಿ. ಆದರೆ ಅದು ಕಳೆದು ಮಾಘ ಬಂದಾಗಲೂ ನಂದಿಯ ತಪ್ಪಲಲ್ಲಿ ಬೆಳಗಿನ ಐದೂವರೆಯ ಚಳಿ ಚಳಿಯೇ. ತಣ್ಣಗಿರುವ ಕೊಳವೆಯಲ್ಲಿ ಸ್ವರ ಇಳಿಯುತ್ತದೆ, ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾತ್ರ ತನ್ನ ಎರಡೂವರೆ ಕಟ್ಟೆ ಶ್ರುತಿಯಿಂದ ಅಲ್ಲಾಡುವುದಿಲ್ಲ. ಎರಡೂ ಒಟ್ಟಿಗೆ ಕೇಳಿದರೆ ಹಲ್ಲು ಜುಂ ಅನ್ನುತ್ತದೆ. ಬಲ್ಲವರು ಅರ್ಧ ಗಂಟೆ ಮುಂಚೆ ಬಂದು, ಊಟದ ಹಾಲಿನ ಹಿಂದೆಲ್ಲೋ ನಿಂತು ಊದಿ ಕೊಳವೆ ಬೆಚ್ಚಗೆ ಮಾಡಿಕೊಂಡೇ ಮಂಟಪದ ಹತ್ತಿರ ಕೂರುತ್ತಾರೆ.

ಈಗ ಅನೇಕ ಕಡೆ ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನ್ ಬಂದಿದೆ. ಅದರ ಮೇಲೆ ಸಿಟ್ಟಾಗಬೇಕಿಲ್ಲ, ಕದ್ರಿ ಗೋಪಾಲನಾಥರು ಅದರಲ್ಲಿ ಏನೇನು ಸಾಧ್ಯ ಅಂತ ತೋರಿಸಿಯೇ ಹೋದರು. ತೊಂದರೆ ಏನೆಂದರೆ, ಕೀ ಒತ್ತಿದರೆ ಸ್ವರ ಬಂದುಬಿಡುತ್ತದೆ. ಗಮಕ, ಅಂದರೆ ಸ್ವರದ ಬಳುಕು, ಬರಲು ತುಟಿಯೂ ಉಸಿರೂ ಪಳಗಬೇಕು. ಪಳಗದವರ ಕೈಯಲ್ಲಿ ಕಲ್ಯಾಣಿ ರಾಗವೂ ಸಿನಿಮಾ ಹಾಡಿನ ಹಾಗೆ ಕೇಳುತ್ತದೆ.

ಡೋಲಿಗೆ ಬರೋಣ. ಹಲಸಿನ ಮರದ ಹೊಟ್ಟೆ, ಎಡಕ್ಕೆ ಕೋಲು, ಬಲಕ್ಕೆ ಬೆರಳು. ಬೆರಳಿಗೆ ಹಾಕಿಕೊಳ್ಳುವ ಬಿಳೀ ಟೋಪಿಗಳನ್ನು ಬಟ್ಟೆ ಸುತ್ತಿ ಗಂಜಿ ಅಂಟು ಹಚ್ಚಿ ಒಣಗಿಸಿ ಮಾಡುವುದು. ಬಲಗಡೆಯ ಚರ್ಮ ಬಿಗಿ ಇರಬೇಕು. ಮೊದಲು ಚರ್ಮದ ಪಟ್ಟಿ ಎಳೆದು ಬಿಗಿಯುತ್ತಿದ್ದರು, ಈಗ ನಟ್ಟು ಬೋಲ್ಟು, ಹಾಗಾಗಿ ಡೋಲಿನವರ ಚೀಲದಲ್ಲಿ ಸ್ಪ್ಯಾನರ್ ಇರುತ್ತದೆ. ಮಳೆ ಹಿಡಿದ ದಿನ ಆ ಸ್ಪ್ಯಾನರ್ ಹೊರಗೆ ಬರಲಿಲ್ಲವೆಂದರೆ ಡೋಲು ದಬ್ ದಬ್ ಅನ್ನತೊಡಗುತ್ತದೆ, ನೆನೆದ ಗೋಣಿಚೀಲ ಬಡಿದ ಹಾಗೆ.

ಆದರೆ ಡೋಲಿನವರ ನಿಜವಾದ ಕೆಲಸ ಬಾರಿಸುವುದಕ್ಕಿಂತ ಬಾರಿಸದೆ ಇರುವುದರಲ್ಲಿದೆ. ಪುರೋಹಿತರು ಸಂಕಲ್ಪ ಹೇಳಿಸುವಾಗ ಕೈ ತಗ್ಗಬೇಕು. ಅಂತರಪಟ ಹಿಡಿದು ಮಂಗಳಾಷ್ಟಕ ಹೇಳುವಾಗ ಪೂರಾ ನಿಲ್ಲಬೇಕು. ಪಟ ಸರಿದು ಜೀರಿಗೆ ಬೆಲ್ಲ ತಲೆಗೆ ಬಿದ್ದ ಕ್ಷಣ ಎದ್ದು ಹೊಡೆಯಬೇಕು. ಮತ್ತೆ ಮಾಂಗಲ್ಯದ ಮಂತ್ರಕ್ಕೆ ಕಾದಿದ್ದು, ಪುರೋಹಿತರ ಕೈ ಮೇಲೇಳುತ್ತಿದ್ದ ಹಾಗೇ ಗಟ್ಟಿಮೇಳ. ಆ ಹೊತ್ತಲ್ಲಿ ಯಾರದ್ದೋ ಸೀನೋ ಅಪಶಬ್ದವೋ ವಧೂವರರ ಕಿವಿಗೆ ಬೀಳಬಾರದೆಂದು ಇರುವ ಸದ್ದು ಅದು, ಆಗ ರಾಗ ತಾಳ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: ಸರಿಯಾದ ಹೊತ್ತಿಗೆ ಬಂತೇ? "ಗಟ್ಟಿಮೇಳ, ಗಟ್ಟಿಮೇಳ" ಅಂತ ಪುರೋಹಿತರು ಎರಡು ಸಲ ಕೂಗಬೇಕಾಗಿ ಬಂದರೆ ಆ ಸೆಟ್ಟು ಸುಮಾರು ಎಂದೇ ಲೆಕ್ಕ.

ಅದಕ್ಕೇ ಕಣ್ಣು. ಮತ್ತು ಅದಕ್ಕೇ ಈಗಿನ ಮದುವೆಗಳಲ್ಲಿ ವಾಲಗ ಕೆಡಲು ದೊಡ್ಡ ಕಾರಣ ವಿಡಿಯೋದವರ ಬೆನ್ನು. ವೇದಿಕೆಯ ಮುಂದೆ ಮೂರು ಕ್ಯಾಮೆರಾ, ಎರಡು ಲೈಟು, ಒಂದು ಕ್ರೇನು; ವಾಲಗದವರನ್ನು ಒಯ್ದು ಕೈ ತೊಳೆಯುವ ಜಾಗದ ಪಕ್ಕ ಕೂರಿಸಿರುತ್ತಾರೆ. ಅಲ್ಲಿಂದ ಅವರಿಗೆ ಕಾಣುವುದು ಸಾಂಬಾರಿನ ಬಕೆಟ್ಟು ಮಾತ್ರ. ಮಂಟಪದ ಪಕ್ಕದಲ್ಲೇ, ಪುರೋಹಿತರ ಬಲಗೈ ಕಾಣುವ ಕಡೆ ಒಂದು ಜಮಖಾನ ಹಾಸಿಕೊಡಿ. ನಾಗಸ್ವರಕ್ಕೆ ಮೈಕು ಬೇಡ. ಕೊಡಲೇಬೇಕೆಂದರೆ ಮೂರು ನಾಲ್ಕು ಅಡಿ ದೂರವಿರಲಿ. ಡೋಲಿಗಂತೂ ಬೇಡವೇ ಬೇಡ, ಆರ್‌ಸಿಸಿ ಛತ್ರದ ಗೋಡೆಗಳೇ ಸಾಕು.

ಮುಹೂರ್ತ ಮುಗಿದು ಅಕ್ಷತೆ ಹಾಕುವವರ ಸಾಲು ಬೆಳೆದ ಮೇಲೆ ಇನ್ನೊಂದು ಪರೀಕ್ಷೆ. ಗಡಿಸೀಮೆ ಇದು. ಕೆಜಿಎಫ್ ಕಡೆಯ ಬೀಗರು ತಮಿಳು ಹಾಡು ಕೇಳುತ್ತಾರೆ, ಶ್ರೀನಿವಾಸಪುರದವರು ತೆಲುಗು, ಹುಡುಗರು ಹೊಸ ಕನ್ನಡ ಹಾಡು. ಬಲ್ಲವರು ಮೂರನ್ನೂ ಪಲ್ಲವಿಯಷ್ಟು ನುಡಿಸಿ, ನಡುವೆ ಒಂದು ಹಿಂದೋಳ ರಾಗ ತೂರಿಸಿ, ಎಲ್ಲರನ್ನೂ ಸಮಾಧಾನ ಮಾಡುತ್ತಾರೆ. ಶೋಕದ ಹಾಡಿನ ರಾಗ ಎಷ್ಟೇ ಇಂಪಾಗಿದ್ದರೂ ತೆಗೆಯುವುದಿಲ್ಲ. ಅಳುವಿನ ರಾಗ ಮುಖಾರಿಯ ಹತ್ತಿರ ಸುಳಿಯುವುದಿಲ್ಲ.

ರಸ್ತೆಯ ಮೆರವಣಿಗೆ ಇದ್ದರೆ ಅದನ್ನು ತಮಟೆಯವರಿಗೆ ಬಿಡುವುದೇ ಸರಿ. ಬಯಲಿನಲ್ಲಿ ನಾಗಸ್ವರದ ನಯವೆಲ್ಲ ಗಾಳಿಗೆ ಹೋಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ಪ್ಲಾಸ್ಟಿಕ್ ಹಾಳೆಯ ತಮಟೆಗೆ ಬೆಂಕಿ ಕಾಯಿಸುವ ರಗಳೆ ಇಲ್ಲ, ಸದ್ದೂ ಜೋರು, ಆದರೆ ಕಾದ ಚರ್ಮದ ಆ ಗಂಟಲು ಅದಕ್ಕಿಲ್ಲ.

ಗೊತ್ತುಮಾಡುವ ಮೊದಲು ಮೊಬೈಲಿನಲ್ಲಿ ವಿಡಿಯೋ ನೋಡಬೇಡಿ, ಅದರಲ್ಲಿ ಎಲ್ಲರೂ ಚೆನ್ನಾಗಿಯೇ ನುಡಿಸುತ್ತಾರೆ. ಅವರು ಒಪ್ಪಿಕೊಂಡ ಬೇರೆ ಮದುವೆಗೆ ಹೋಗಿ ಇಪ್ಪತ್ತು ನಿಮಿಷ ಕೂತು ಬನ್ನಿ. ಉದ್ದನೆಯ ಸ್ವರದಲ್ಲಿ ಎರಡು ನಾಗಸ್ವರ ಒಂದಾಗಿ ಕೇಳುತ್ತವೆಯೇ, ನಿಲ್ಲಿಸುವಾಗ ಐವರೂ ಒಟ್ಟಿಗೆ ನಿಲ್ಲಿಸುತ್ತಾರೆಯೇ ನೋಡಿ. ಮುಂಗಡ ಕೊಡುವಾಗ ಊಟದ ಮಾತನ್ನೂ ಆಡಿಬಿಡಿ: ಮುಹೂರ್ತಕ್ಕೆ ಮುಂಚೆ ಎರಡು ಇಡ್ಲಿ, ಕಾಫಿ, ಹೊಟ್ಟೆ ತುಂಬಿದರೆ ಉಸಿರು ಆಡುವುದಿಲ್ಲ. ಮುಹೂರ್ತ ಕಳೆದ ಮೇಲೆ ಮೊದಲ ಪಂಕ್ತಿಯಲ್ಲೇ ಐದು ಎಲೆ. ಕೊನೇ ಪಂಕ್ತಿಗೆ ತಳ್ಳಿದರೆ ಮಧ್ಯಾಹ್ನದ ಆರತಿಗೆ ಊದುವವರು ಖಾಲಿ ಹೊಟ್ಟೆಯವರು, ಆಗ ಕೊನೆಗೆ ನುಡಿಸುವ ಮಂಗಳದ ರಾಗ ಮಧ್ಯಮಾವತಿ ನಿಜಕ್ಕೂ ಬೇಗ ಮುಗಿಯುತ್ತದೆ.