351 ರೂಪಾಯಿಯ ಆರೋಗ್ಯ

ಡಿಸೆಂಬರ್ ಬಂದರೆ ಕಾಸರಗೋಡಿನ ನಮ್ಮ ಪೆರ್ಲದ ಕಡೆ ಅಂಗಳ ಕಾಣುವುದಿಲ್ಲ, ಅಡಿಕೆಯೇ ಕಾಣುತ್ತದೆ. ಗೋಡೆಯ ಬದಿಯಲ್ಲಿ ಒಂದಡಿ ದಾರಿ ಬಿಟ್ಟಿರುತ್ತೇವೆ. ಅಂಚೆಯವನೂ ನೆಂಟರೂ ಅದರಲ್ಲೇ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2003ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಸಭೆ ಸೇರಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿತು. ಬಿಸಿಲೂ ಅದೇ ಗುಂಪಿನಲ್ಲಿದೆ. ಒಂದನೇ ಗುಂಪಿನದನ್ನು ಒಂದನೇ ಗುಂಪಿನದರಲ್ಲೇ ಒಣಗಿಸಿ ಚೀಲಕ್ಕೆ ತುಂಬುವ ಜನ ನಾವು.

ಬಿಸಿಲಿಗೆ ಹೆದರದವರು ಅಡಿಕೆಗೇಕೆ ಹೆದರಬೇಕು ಎಂಬ ವಾದ ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಇದೂ ಗೊತ್ತಿದೆ. ಆದರೆ ಅರ್ಧ ವಾಕ್ಯ ಕೇಳಿ ಎದ್ದುಹೋಗುವುದು ನಮಗೆ ಅನುಕೂಲ.

ದೆಹಲಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. 2023ರ ಫೆಬ್ರವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯದಾದರೆ ನಿಷೇಧ, ಅಷ್ಟೋ ಹೆಚ್ಚೋ ಆದರೆ ಮುಕ್ತ. ಅಂದರೆ 350 ರೂಪಾಯಿಯ ಅಡಿಕೆ ದೇಶದ ಗಡಿ ದಾಟುವಂತಿಲ್ಲ. ಅದೇ ಅಡಿಕೆ ಜೇಬಿಗೆ ಇನ್ನೊಂದು ರೂಪಾಯಿ ಇಟ್ಟುಕೊಂಡು ಬಂದರೆ ದೊರೆಯ ಹಾಗೆ ಒಳಗೆ ಬರಬಹುದು. ಬಾಯಿಯ ಕ್ಯಾನ್ಸರಿಗೂ ಆ ಒಂದು ರೂಪಾಯಿಗೂ ಏನು ನಂಟು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ವಾರ ಪೇಟೆಯಲ್ಲಿ ಸಿಹಿ ಹಂಚಿದಾಗ ಎರಡು ಲಡ್ಡು ತಿಂದವನು ನಾನು.

ಬೇಲಿ ಹಾಕಿದವರೇ ತಡಮೆಯನ್ನೂ ಇಟ್ಟಿದ್ದಾರೆ. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಕನಿಷ್ಠ ಬೆಲೆಯ ಗೊಡವೆಯಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ಬರಬಹುದೆಂದು 2022ರಲ್ಲೇ ಅಪ್ಪಣೆಯಾಗಿದೆ. ಪ್ರಜೆಗಳ ಸಂತೋಷವನ್ನು ಅಳೆದು ನೋಡುವ ದೇಶ ಅದು. ಅಲ್ಲಿನ ಅಡಿಕೆಯಲ್ಲಿ ಸಂತೋಷದ ಅಂಶ ಹೆಚ್ಚಿರಬಹುದು.

ಇನ್ನು ಗುಟ್ಕಾದ ಕತೆ. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ ನಿಯಮ 2011ರಲ್ಲಿ ಬಂತು. ಬೆರೆಸುವುದನ್ನು ಬಿಟ್ಟರು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ. ಗೂಡಂಗಡಿಯಲ್ಲಿ ಎರಡೂ ಒಂದೇ ದಾರಕ್ಕೆ ಜೋತು ಬಿದ್ದಿರುತ್ತವೆ, ನಿಶ್ಚಿತಾರ್ಥವಾಗಿ ಮದುವೆಯಾಗದ ಜೋಡಿಯ ಹಾಗೆ. ಲಗ್ನ ಗಿರಾಕಿಯ ಬಾಯೊಳಗೇ ಆಗಬೇಕು. ಪುರೋಹಿತರ ಮೇಲೆ ಕೇಸಿಲ್ಲ.

ಮೊನ್ನೆ ಬೆಳೆಗಾರರ ಸಭೆಗೆ ಹೋಗಿದ್ದೆ. ಅಡಿಕೆ ಮತ್ತು ಆರೋಗ್ಯದ ಸಂಶೋಧನೆಯ ಹೊಣೆ ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೇ ಬಂದಿದೆ ಎಂಬ ಸಂಭ್ರಮ ಅಲ್ಲಿ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಹುಟ್ಟಿದ ಜಾಗ. ತೋಟದ ರೋಗಗಳಿಗೆ ಮದ್ದು ಕೇಳಿಕೊಂಡು ನಾವು ಹೋಗುವುದೂ ಅಲ್ಲಿಗೇ. ಈಗ ಮನುಷ್ಯರ ರೋಗದ ಸರದಿ. ಸಭೆಯ ಕೊನೆಗೆ ಒಬ್ಬರು ಎದ್ದು ನಿರ್ಣಯ ಓದಿದರು: ‘ಅಡಿಕೆ ಹಾನಿಕರವಲ್ಲ ಎಂದು ಸರಕಾರ ಶೀಘ್ರವೇ ಸಂಶೋಧನೆ ನಡೆಸಬೇಕು.’ ಚಪ್ಪಾಳೆ ಬಿತ್ತು. ಜಾತಕ ನೋಡುವ ಮೊದಲೇ ಕೂಡಿ ಬಂದಿದೆ ಎಂದು ಹೇಳುವ ಜೋಯಿಸರು ಬೇಕಾಗಿದ್ದಾರೆ, ಅಷ್ಟೇ.

‘ಅಲ್ಲ ಭಾವಾ, ಹಾನಿಕರ ಎಂದು ಬಂದರೆ?’ ಎಂದು ಪಕ್ಕದವರ ಕಿವಿಯಲ್ಲಿ ಕೇಳಿದೆ.

‘ಅದು ಬರ್ಮಾ ಅಡಿಕೆಯ ವಿಷಯ’ ಎಂದರು. ‘ಕಳ್ಳದಾರಿಯಲ್ಲಿ ಬರುತ್ತದಲ್ಲ, ಬೂಸ್ಟು ಹಿಡಿದದ್ದು. ಕ್ಯಾನ್ಸರ್ ಬರುವುದು ಅದರಿಂದ. ನಮ್ಮದರಿಂದ ಜೀರ್ಣವಾಗುತ್ತದೆ.’

ರೋಗಕ್ಕೂ ಪಾಸ್‌ಪೋರ್ಟ್ ಇದೆಯೆಂದು ನನಗೆ ತಿಳಿದದ್ದು ಆಗಲೇ. ವೇದಿಕೆಯಲ್ಲಿ ಅತಿಥಿಗಳಿಗೆ ಹಣ್ಣುಕಾಯಿಯ ಜೊತೆ ವೀಳ್ಯ ಕೊಟ್ಟರು. ಎಲ್ಲರೂ ಅದನ್ನು ಕಣ್ಣಿಗೊತ್ತಿಕೊಂಡು ಜೋಪಾನವಾಗಿ ಕಿಸೆಗೆ ಹಾಕಿಕೊಂಡರು. ಬಾಯಿಗೆ ಹಾಕಿದವರು ಯಾರೂ ಕಾಣಲಿಲ್ಲ.

ಮರುದಿನ ದೊಡ್ಡಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಜ್ವರಕ್ಕಿಂತ ದೊಡ್ಡದು ಏನೇ ಬಂದರೂ ತಲಪಾಡಿಯ ರಾಜ್ಯಗಡಿ ದಾಟುವುದು ಕಾಸರಗೋಡಿನವರ ಹಣೆಬರಹ. ಆರು ತಿಂಗಳಿಂದ ಅವರಿಗೆ ಬಾಯಿ ತೆರೆಯಲಾಗುತ್ತಿಲ್ಲ. ದೊಡ್ಡಮ್ಮ ಗಂಜಿಯನ್ನು ಕಿವುಚಿ ಚಮಚದಲ್ಲಿ ಕೊಡುತ್ತಾರೆ. ಮಾವಿನ ಮಿಡಿಯ ಉಪ್ಪಿನಕಾಯಿಯ ರಸ ತಾಗಿದರೂ ಉರಿ. ಹಲ್ಲಿನ ಡಾಕ್ಟರು ಮೂರು ಬೆರಳು ಒಟ್ಟಿಗೆ ಸೇರಿಸಿ ಬಾಯೊಳಗೆ ಇಡಲು ಹೇಳಿದರು. ಒಂದೇ ಬೆರಳು ಹೋಯಿತು, ಅದೂ ಅಡ್ಡವಾಗಿ.

‘ಎಷ್ಟು ವರ್ಷದಿಂದ ತಿನ್ನುತ್ತಿದ್ದೀರಿ ಅಜ್ಜಾ? ಹೊಗೆಸೊಪ್ಪು ಸೇರಿಸುತ್ತೀರಾ?’

ದೊಡ್ಡಪ್ಪ ಇಲ್ಲವೆಂದು ತಲೆಯಾಡಿಸಿದರು. ಬರೀ ಅಡಿಕೆ, ಎಲೆ, ಸುಣ್ಣ. ನನಗೆ ಪಕ್ಕನೆ ಸಭೆಯ ಮಾತು ನೆನಪಾಗಿ, ‘ದೊಡ್ಡಪ್ಪಾ, ಪೇಟೆಯಿಂದ ತಂದ ಅಡಿಕೆ ಏನಾದರೂ ತಿಂದದ್ದುಂಟೇ?’ ಎಂದು ಕೇಳಿದೆ.

ಅವರಿಗೆ ಸಿಟ್ಟು ಬಂತು. ಬಿಗಿದ ದವಡೆಯ ನಡುವೆಯೇ ಮಾತು ಹೊರಡಿಸಿದರು: ‘ತೋಟ ಇಟ್ಟುಕೊಂಡವನು ಅಡಿಕೆ ಕ್ರಯಕ್ಕೆ ತರುತ್ತಾನೆಯೇ? ಎಲ್ಲ ಮನೆಯದ್ದೇ. ಚೆನ್ನಾಗಿ ಒಣಗಿದ ಚಾಲಿ ಮಾರಾಟಕ್ಕೆ ಹೋಗುತ್ತಿತ್ತು. ನಾನು ತಿಂದದ್ದು ಕೆಟ್ಟು ಕಪ್ಪಾದ ಕರಿಗೋಟು.’