ಚಿತ್ರ ಉಳಿಯಿತು, ಹೆಸರು ಹೋಯಿತು

ಡೌನ್‌ಲೋಡ್ ಮಾಡಿಕೊಂಡ ಟಿವಿ ಕಾರ್ಯಕ್ರಮಗಳನ್ನು ಟ್ಯಾಬ್ಲೆಟ್‌ಗೆ ಹೊಂದುವಂತೆ ಪರಿವರ್ತಿಸುವ ಮಾತು ಬಂದಾಗಲೆಲ್ಲ ಚರ್ಚೆ ಚಿತ್ರದ ಗುಣಮಟ್ಟ ಮತ್ತು ಫೈಲಿನ ಗಾತ್ರಕ್ಕೆ ನಿಂತುಬಿಡುತ್ತದೆ. ನಾನೂ ಬಹುಕಾಲ ಅಷ್ಟನ್ನೇ ನೋಡುತ್ತಿದ್ದೆ. ಒಮ್ಮೆ ಒಂದು ಸಾಕ್ಷ್ಯಚಿತ್ರ ಸರಣಿಯ 24 ಸಂಚಿಕೆಗಳನ್ನು ರಾತ್ರಿಯಿಡೀ ಪರಿವರ್ತನೆಗೆ ಹಚ್ಚಿ, ಬೆಳಿಗ್ಗೆ ಟ್ಯಾಬ್ಲೆಟ್‌ಗೆ ತುಂಬಿಕೊಂಡು ನೋಡಿದರೆ ಚಿತ್ರವೇನೋ ಚೊಕ್ಕಟವಾಗಿತ್ತು, ಆದರೆ ಸರಣಿಯ ಹೆಸರಿರಲಿಲ್ಲ, ಸಂಚಿಕೆಯ ವಿವರಣೆ ಇರಲಿಲ್ಲ, ಪ್ರಸಾರವಾದ ದಿನಾಂಕವೂ ಇರಲಿಲ್ಲ. ಎಲ್ಲವೂ ಆ ಒಂದೇ ರಾತ್ರಿ ಹುಟ್ಟಿದವೆಂಬಂತೆ ಸಾಲಾಗಿ ನಿಂತಿದ್ದವು. ಒಂದರ ಹಿಂದೆ ಹತ್ತು, ಹನ್ನೊಂದು ಬಂದು, ಎರಡನೆಯ ಸಂಚಿಕೆ ಎಲ್ಲೋ ಕೆಳಗೆ ಕುಳಿತಿತ್ತು. ಮೂಲ ಫೈಲುಗಳನ್ನು ಅಷ್ಟರಲ್ಲಾಗಲೇ ಅಳಿಸಿಬಿಟ್ಟಿದ್ದೆ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮೆಟಾಡೇಟಾ, ಅಂದರೆ ಹೆಸರು, ವಿವರಣೆ, ದಿನಾಂಕದಂಥ ಮಾಹಿತಿ, ಕಾರ್ಯಕ್ರಮದ್ದೇ ಒಂದು ಭಾಗ, ಅದನ್ನು ಕಳೆದುಕೊಂಡ ಪರಿವರ್ತನೆ ಅರ್ಧಂಬರ್ಧ ಕೆಲಸ.

ಎಷ್ಟೋ ಸಲ ಪರಿವರ್ತನೆಯ ಅಗತ್ಯವೇ ಇರುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಎಂಪಿ4, ಎಂಕೆವಿ ಎಂಬುವು ಚಿತ್ರ, ಧ್ವನಿ, ಸಬ್‌ಟೈಟಲ್‌ಗಳನ್ನು ಒಟ್ಟಿಗೆ ಹಿಡಿದಿಡುವ ಪೆಟ್ಟಿಗೆಗಳು ಮಾತ್ರ. ಚಿತ್ರವನ್ನು ಕುಗ್ಗಿಸುವ ವಿಧಾನ, ಅಂದರೆ ಕೋಡೆಕ್, ಬೇರೆಯೇ ಸಂಗತಿ. 2003ರಲ್ಲಿ ಬಂದ ಎಚ್.264 ವಿಧಾನವನ್ನು ಇಂದಿನ ಯಾವ ಟ್ಯಾಬ್ಲೆಟ್ಟಾದರೂ ಓದುತ್ತದೆ. ಹೀಗಿರುವಾಗ ಎಂಕೆವಿ ಪೆಟ್ಟಿಗೆಯಲ್ಲಿರುವ ಎಚ್.264 ಚಿತ್ರವನ್ನು ಬಿಚ್ಚಿ ಪುನಃ ಎನ್‌ಕೋಡ್ ಮಾಡುವುದೆಂದರೆ ಗಂಟೆಗಟ್ಟಲೆ ಕಾದು, ಗುಣಮಟ್ಟವನ್ನೂ ಒಂದಿಷ್ಟು ಕಳೆದುಕೊಂಡಂತೆ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಚಿತ್ರವನ್ನು ಮುಟ್ಟದೆ ನಕಲು ಮಾಡುವ ಆಯ್ಕೆಯನ್ನು ಕೊಟ್ಟರೆ ಪೆಟ್ಟಿಗೆ ಮಾತ್ರ ಬದಲಾಗುತ್ತದೆ. ಒಂದು ಸಂಚಿಕೆಗೆ ಕೆಲವು ಸೆಕೆಂಡು ಸಾಕು. ಹಳೆಯ ಎಂಪೆಗ್-2 ಪ್ರಸಾರದ ಫೈಲಾಗಿದ್ದರೆ ಅಥವಾ ಟ್ಯಾಬ್ಲೆಟ್‌ನಲ್ಲಿ ಜಾಗ ನಿಜವಾಗಿಯೂ ಕಡಿಮೆಯಿದ್ದರೆ ಮಾತ್ರ ಎನ್‌ಕೋಡ್ ಮಾಡುವುದು ಸರಿ. ಆಗ ಹ್ಯಾಂಡ್‌ಬ್ರೇಕ್ ಎಂಬ ಎನ್‌ಕೋಡ್ ತಂತ್ರಾಂಶದಲ್ಲಿ 1080 ಸಾಲುಗಳ ಚಿತ್ರಕ್ಕೆ, ಗುಣಮಟ್ಟವನ್ನು ನಿರ್ಧರಿಸುವ ಆರ್‌ಎಫ್ ಮೌಲ್ಯವನ್ನು 20ರಿಂದ 24ರ ನಡುವೆ ಇಟ್ಟುಕೊಳ್ಳಬಹುದು. (ನಕಲು ತಡೆಯಲು ಡಿಆರ್‌ಎಂ ಎಂಬ ಬೀಗ ಹಾಕಿರುವ ಡೌನ್‌ಲೋಡ್‌ಗಳ ವಿಷಯವನ್ನು ನಾನಿಲ್ಲಿ ಎತ್ತುತ್ತಿಲ್ಲ, ಅವನ್ನು ಆಯಾ ಆ್ಯಪ್‌ನಲ್ಲೇ ನೋಡತಕ್ಕದ್ದು.)

ಇನ್ನು ಮೆಟಾಡೇಟಾ ಎಲ್ಲಿ ಸೋರಿಹೋಗುತ್ತದೆ ಎಂಬ ಪ್ರಶ್ನೆ. ಎಂಕೆವಿಯಲ್ಲಿ ಬೇಕಾದ ಹೆಸರಿನ ಟ್ಯಾಗ್, ಅಂದರೆ ವಿವರದ ಚೀಟಿ, ಬರೆಯಬಹುದು. ಎಂಪಿ4 ಹಾಗಲ್ಲ, ಅಲ್ಲಿ ಸರಣಿಯ ಹೆಸರಿಗೆ, ಸೀಸನ್ ಸಂಖ್ಯೆಗೆ, ಸಂಚಿಕೆಯ ಸಂಖ್ಯೆಗೆ, ಕಿರು ವಿವರಣೆಗೆ, ದೀರ್ಘ ವಿವರಣೆಗೆ, ಮುಖಚಿತ್ರಕ್ಕೆ ತಲಾ ನಾಲ್ಕಕ್ಷರದ ಸಂಕೇತವುಳ್ಳ ಗೊತ್ತಾದ ಗೂಡುಗಳಿವೆ. ಎಫ್‌ಎಫ್‌ಎಂಪೆಗ್ ತಾನಾಗಿಯೇ ಟ್ಯಾಗ್‌ಗಳನ್ನು ಒಯ್ಯಲು ಪ್ರಯತ್ನಿಸುತ್ತದಾದರೂ, ಯಾವ ಗೂಡಿಗೂ ಹೊಂದದ ಹೆಸರನ್ನು ಎಂಪಿ4 ಬರೆಯುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷದ ಸೂಚನೆಯೇನೂ ಬರುವುದಿಲ್ಲವಾದ್ದರಿಂದ, ಕೆಲಸ ಮುಗಿಯಿತೆಂದು ನಾವು ನೆಮ್ಮದಿಯಾಗಿರುತ್ತೇವೆ. ಇದಲ್ಲದೆ ‘ಸ್ಟಿಕ್’ ಎಂಬ ಒಂದು ಗೂಡು ಈ ಫೈಲು ಯಾವ ಬಗೆಯದು ಎಂಬುದನ್ನು ಹೇಳುತ್ತದೆ. ಅದರಲ್ಲಿ 10 ಎಂದಿದ್ದರೆ ಟಿವಿ ಕಾರ್ಯಕ್ರಮ, 9 ಎಂದಿದ್ದರೆ ಸಿನಿಮಾ. ಈ ಒಂದು ಅಂಕಿ ಬಿಟ್ಟುಹೋದರೆ ಅದನ್ನು ನೆಚ್ಚಿಕೊಂಡ ಆ್ಯಪ್‌ಗಳಲ್ಲಿ ಸರಣಿಯ ಸಂಚಿಕೆಗಳು ಒಂದೆಡೆ ಕೂಡದೆ ಚೆಲ್ಲಾಪಿಲ್ಲಿಯಾಗುತ್ತವೆ. ನನ್ನ 24 ಸಂಚಿಕೆಗಳಿಗೆ ಆದದ್ದು ಬಹುಶಃ ಇದೇ ಇರಬೇಕು.

ಸಬ್‌ಟೈಟಲ್ ಮತ್ತು ಹೆಚ್ಚುವರಿ ಧ್ವನಿಗಳದ್ದೂ ಇಂಥದೇ ಕಥೆ. ವಿಶೇಷವಾಗಿ ಕೇಳದಿದ್ದರೆ ಎಫ್‌ಎಫ್‌ಎಂಪೆಗ್ ಒಂದು ಚಿತ್ರ, ಒಂದು ಧ್ವನಿಯನ್ನಷ್ಟೇ ಆರಿಸಿಕೊಂಡು ಮಿಕ್ಕ ಧ್ವನಿಗಳನ್ನು ಕೈಬಿಡುತ್ತದೆ. ಎಲ್ಲವೂ ಬೇಕೆಂದು ಸ್ಪಷ್ಟವಾಗಿ ಹೇಳಬೇಕು. ಅಕ್ಷರರೂಪದ ಸಬ್‌ಟೈಟಲ್ ಎಂಪಿ4 ಒಪ್ಪುವ ರೂಪಕ್ಕೆ ಸುಲಭವಾಗಿ ತಿರುಗುತ್ತದೆ, ಪ್ರಸಾರದಲ್ಲಿ ಚಿತ್ರರೂಪದಲ್ಲಿ ಬರುವ ಸಬ್‌ಟೈಟಲ್ ತಿರುಗುವುದಿಲ್ಲ. ಆಪಲ್ ಸಾಧನಗಳಿಗೆ ಎಚ್ಇವಿಸಿ (ಎಚ್.264ರ ನಂತರದ ಕೋಡೆಕ್) ಚಿತ್ರವನ್ನು ಒಯ್ಯುವವರು ಅದರ ಗುರುತು ‘ಎಚ್‌ವಿಸಿ1’ ಎಂದಿದೆಯೇ ಎಂದು ನೋಡಿಕೊಳ್ಳಬೇಕು. ‘ಎಚ್ಇವಿ1’ ಎಂದಿದ್ದರೆ ಫೈಲು ಸರಿಯಾಗಿದ್ದೂ ಅಲ್ಲಿನ ಪ್ಲೇಯರ್ ಅದನ್ನು ತೆರೆಯುವುದಿಲ್ಲ.

ಫೈಲಿನ ಹೆಸರಿನಲ್ಲೇ ಎಲ್ಲ ವಿವರವನ್ನೂ ತುರುಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸೀಸನ್ ಮತ್ತು ಸಂಚಿಕೆಯನ್ನು ಎರಡಂಕಿಗಳಲ್ಲಿ, 02 ಎಂಬಂತೆ ಬರೆಯುವುದು ಒಳ್ಳೆಯ ಅಭ್ಯಾಸವೇ ಹೌದು. ಹಾಗೆ ಬರೆದಿದ್ದರೆ ನನ್ನ ಎರಡನೆಯ ಸಂಚಿಕೆ ಕೆಳಗೆ ಹೋಗುತ್ತಿರಲಿಲ್ಲ. ಆದರೆ ಹೆಸರಿನಲ್ಲಿ ನಾಲ್ಕು ಸಾಲಿನ ವಿವರಣೆ ಹಿಡಿಯುವುದಿಲ್ಲ. ಪಕ್ಕದಲ್ಲಿ ವಿವರಗಳನ್ನು ಬರೆದ ಪ್ರತ್ಯೇಕ ಎನ್‌ಎಫ್‌ಒ ಕಡತವಿಡುವ ಪದ್ಧತಿ ಕೋಡಿಯಂಥ ವಿಡಿಯೊ ನೋಡುವ ತಂತ್ರಾಂಶಕ್ಕೆ ಸರಿಹೋಗುತ್ತದೆಯಾದರೂ ಚಿತ್ರವನ್ನಷ್ಟೇ ಟ್ಯಾಬ್ಲೆಟ್‌ಗೆ ಎಳೆದು ಹಾಕಿದ ಕ್ಷಣ ಆ ಕಡತ ಹಿಂದೆ ಉಳಿಯುತ್ತದೆ.

ಹಾಗಾಗಿ ಈಗ ಪರಿವರ್ತನೆಗೆ ಮೊದಲೇ ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ, ಫೈಲಿನ ವಿವರ ಓದುವ ಎಫ್‌ಎಫ್‌ಪ್ರೋಬ್‌ನಿಂದ ಮೂಲದ ಟ್ಯಾಗ್‌ಗಳನ್ನೆಲ್ಲ ಒಂದು ಪಠ್ಯ ಕಡತಕ್ಕೆ ಇಳಿಸಿಕೊಳ್ಳುತ್ತೇನೆ; ಪ್ರಸಾರದ ದಿನಾಂಕವನ್ನು ಫೈಲಿನ ದಿನಾಂಕದ ಮೇಲೆ ಭಾರ ಹಾಕದೆ ದಿನಾಂಕದ ಗೂಡಿನಲ್ಲೇ ಬರೆಯುತ್ತೇನೆ. ಮೊದಲ ಸಂಚಿಕೆಯೊಂದನ್ನೇ ಟ್ಯಾಬ್ಲೆಟ್‌ಗೆ ಹಾಕಿ ಹೆಸರು, ವಿವರಣೆ, ಸಬ್‌ಟೈಟಲ್ ಮೂರೂ ಕಂಡ ಮೇಲೆಯೇ ಉಳಿದವನ್ನು ರಾತ್ರಿಗೆ ಹಚ್ಚುತ್ತೇನೆ. ಮೂಲ ಫೈಲುಗಳನ್ನು ಕೊನೆಯ ಸಂಚಿಕೆ ನೋಡಿ ಮುಗಿಯುವತನಕ ಅಳಿಸುವುದಿಲ್ಲ.